ಕಮರಿಪೇಟೆಯ ತಗ್ಗು ಕಿಟಕಿಗಳು

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಎಂಟು ವರ್ಷದ ಹುಡುಗಿಯ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಶಾಲೆಗಳ ಮಾದರಿ ನಕ್ಷೆ ಬರೆದವರು ಅಳೆದು ನೋಡಿರಲಿಲ್ಲ. ಅಳೆಯುವ ಕಾರಣವೂ ಅವರಿಗಿರಲಿಲ್ಲ, ಯಾಕೆಂದರೆ ಅವರ ನಕ್ಷೆಯಲ್ಲಿ ಮಕ್ಕಳು ಬೆಂಚಿನ ಮೇಲೆ ಕುಳಿತಿದ್ದರು. ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ಮುಂಬಯಿ ಕಾಲದ ನಕ್ಷೆಗಳನ್ನೆಲ್ಲ ಕಪಾಟಿಗೆ ಸೇರಿಸಿ, ಬೆಂಗಳೂರಿನಿಂದ ಬಂದ ನೀಲಿ ಹಾಳೆಗಳನ್ನು ಧಾರವಾಡದ ನಮ್ಮ ಕಚೇರಿಯ ಗೋಡೆಗೆ ಮೊಳೆ ಹೊಡೆದು ಹಾಕಿದ್ದರು. ಅವುಗಳಲ್ಲಿ ಕಿಟಕಿಯ ಕಟ್ಟೆ ನೆಲದಿಂದ ಮೂರು ಅಡಿ ಮೇಲೆ. ನಮ್ಮ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಬೆಂಚು ಹಾಗಿರಲಿ, ಎಷ್ಟೋ ಕಡೆ ಮಾಸ್ತರರಿಗೆ ಕುರ್ಚಿಯೇ ಇರಲಿಲ್ಲ. ಮಕ್ಕಳು ಗೋಣಿತಟ್ಟಿನ ಮೇಲೆ ಕೂಡುತ್ತಿದ್ದರು. ಗಾಳಿ, ಬೆಳಕು ಎರಡೂ ಅವರ ತಲೆಯ ಮೇಲಿಂದ ಹಾದು ಎದುರಿನ ಗೋಡೆ ಮುಟ್ಟುತ್ತಿದ್ದವು.

ಆ ಕಚೇರಿಯ ಶಾಲಾ ಕಟ್ಟಡಗಳ ವಿಭಾಗದಲ್ಲಿ ನಾನು ಓವರ್‌ಸಿಯರ್. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಹೆಣ್ಣುಮಕ್ಕಳ ಶಾಲೆಗೆ ಜಾಗ ಸಿಕ್ಕಿದೆ, ಹೋಗಿ ನಕ್ಷೆ ಕೂಡಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದರು. ನಕ್ಷೆ ಕೂಡಿಸುವುದೆಂದರೆ ಜಾಗದ ಉದ್ದಗಲ ಅಳೆದು, ನೀಲಿ ಹಾಳೆಯ ಕಟ್ಟಡ ಅದರೊಳಗೆ ಹಿಡಿಸುತ್ತದೋ ಇಲ್ಲವೋ ನೋಡುವುದು, ಅಷ್ಟೇ. ಅದಕ್ಕೆ ತಲೆ ಬೇಕಿಲ್ಲ, ಟೇಪು ಸಾಕು. ಜಾಗ ನೋಡುವ ಮೊದಲು ಮಕ್ಕಳು ಈಗೆಲ್ಲಿ ಕೂಡುತ್ತಾರೆ ಎಂದು ನೋಡಿಬರೋಣವೆಂದು ಹೋದೆ. ಹೋಗದಿದ್ದರೆ ನನ್ನ ನೆಮ್ಮದಿ ನನಗೆ ಉಳಿಯುತ್ತಿತ್ತು.

ಶಾಲೆ ಇದ್ದದ್ದು ಒಂದು ಹಳೆಯ ಹತ್ತಿಯ ವಖಾರಿನಲ್ಲಿ. ಅರ್ಧಭಾಗದಲ್ಲಿ ಇನ್ನೂ ಹತ್ತಿಯ ಅಂಡಿಗೆಗಳು, ಉಳಿದರ್ಧದಲ್ಲಿ ನಾಲ್ಕು ಇಯತ್ತೆಗಳು. ಇರುವುದೊಂದೇ ಬಾಗಿಲು. ಮುಖ್ಯಾಧ್ಯಾಪಿಕೆ ಧಾರವಾಡದವರು, ನಡುವಯಸ್ಸಿನವರು, ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡವರು. ಓಣಿಯವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು, ನಾನೂ ಹಾಗೆಯೇ ಎಂದೆ. ನಾನು ಹೊಸ್ತಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ ಅವರು ಹೇಳಿದರು: "ಒಂದೀಟು ಅಲ್ಲೇ ನಿಂದರ್ರಿ. ಕಣ್ಣು ಹೊಂದಿಕೊಂಡ ಮ್ಯಾಲ ಹುಡುಗ್ಯಾರು ಕಾಣಸ್ತಾರ. ಈಗ ಮುಂದ ಬಂದ್ರ ಯಾರದರೆ ಕೈ ತುಳಿದೀರಿ."

ಹೊಂದಿಕೊಂಡ ಮೇಲೆ ಕಂಡದ್ದು ನೆಟ್ಟಗಿರಲಿಲ್ಲ. ಹತ್ತಿಯ ಎಳೆ ಗಾಳಿಯಲ್ಲಿ ತೇಲುತ್ತಿತ್ತು. ಹುಡುಗಿಯರ ಜಡೆಗಳ ಮೇಲೆ, ಪಾಟಿಗಳ ಮೇಲೆ ಅದೇ ಬಿಳಿ ನವಿರು. ಅರ್ಧಕ್ಕರ್ಧ ಮಂದಿಯ ಕಣ್ಣು ಕೆಂಪಗೆ, ಪಿಚ್ಚು ಕಟ್ಟಿಕೊಂಡಿದ್ದವು. ಒಬ್ಬಳು ಕೆಮ್ಮಿದರೆ ಸಾಲಿಗೆ ಸಾಲೇ ಕೆಮ್ಮುತ್ತಿತ್ತು. ಅಂದು ಸರಕಾರಿ ದವಾಖಾನೆಯ ಡಾಕ್ಟರರೂ ಬಂದಿದ್ದರು. ಅವರು ಹುಡುಗಿಯರ ರೆಪ್ಪೆ ಮಗುಚಿ ನೋಡಿ ಮುಲಾಮು ಹಚ್ಚುತ್ತ ನನ್ನ ಕಡೆ ತಿರುಗದೆಯೇ ಮಾತಾಡಿದರು.

"ನಾ ಇಲ್ಲೆ ಮುಲಾಮು ಹಚ್ಚತೇನಿ, ಇವರು ಇದ ಧೂಳದಾಗ ಮತ್ತ ತಿಕ್ಕೋತಾರ. ಗಾಳಿ ಬೆಳಕು ಇರೋ ಜಾಗಾದಾಗ ಕೂಡಸ್ರಿ, ಮಾರಿ ತೊಳಕೊಳ್ಳಿಕ್ಕೆ ನೀರು ಕೊಡ್ರಿ. ಅರ್ಧಾ ಬ್ಯಾನಿ ಅದರಾಗ ಹೋಗ್ತದ. ಈ ಜಾಗಾ ಸಾಲಿಗೆ ಯೋಗ್ಯ ಅಲ್ಲಂತ ನಾ ಬರದ ಕೊಟ್ಟೇನಿ."

ಹಾಗೆ ಬರೆದುಕೊಡಿರೆಂದು ಅವರನ್ನು ಬೇಡಿದ್ದವರು ಅಕ್ಕೋರೇ. ಅದು ಅವರ ಕುತ್ತಿಗೆಗೇ ಬಂದಿತ್ತು. ಶಾಲಾ ಮಂಡಳಿಯವರು ವರದಿ ಓದಿ, ಮುಂದಿನ ವರ್ಷ ಶಾಲೆ ತೆರೆಯುವುದರೊಳಗೆ ಹೊಸ ಕಟ್ಟಡವಾಗದಿದ್ದರೆ ಈ ಶಾಲೆ ಮುಚ್ಚಿ ಮಕ್ಕಳನ್ನು ಪೇಟೆಯಾಚೆಯ ಗಂಡುಮಕ್ಕಳ ಶಾಲೆಗೆ ಸೇರಿಸಬೇಕೆಂದು ಆದೇಶ ಮಾಡಿದ್ದರು.

"ಅಲ್ಲಿಗೆ ಒಬ್ಬಾಕಿನೂ ಹೋಗೂದಿಲ್ರಿ," ಎಂದರು ಅಕ್ಕೋರು. "ಕಳಸೂದಿಲ್ಲ ಮನ್ಯಾಗ. ಇವರನ್ನ ಒಬ್ಬೊಬ್ಬರನ್ನ ಮನೀ ಬಾಗಿಲಾ ಕಾಯ್ದು ಕರಕೊಂಡು ಬಂದೇನಿ ನಾನು. ನೀವು ಹ್ಯಾಂಗರೆ ಮಾಡಿ ಕಟ್ಟಿ ಕೊಡ್ರಿ. ಕಟ್ಟೂದು ಕಟ್ಟೀರಿ, ಬೆಳಕು ಇವರ ಮಾರೀಗೆ ಬೀಳೂವಂಗ ಕಟ್ರಿ."

ಆ ಮಾತು ಕೇಳಿಕೊಂಡು ಧಾರವಾಡಕ್ಕೆ ಬಂದು ನೀಲಿ ಹಾಳೆ ನೋಡಿದರೆ ಮೈ ಉರಿಯಿತು. ಬೆಂಚಿಲ್ಲದ ಮಕ್ಕಳಿಗೆ ಬೆಂಚಿನ ಕಿಟಕಿ. ನಾನು ಆ ನಕ್ಷೆ ಬದಿಗಿಟ್ಟು ಬೇರೆಯದನ್ನು ಬರೆಯಲು ಕುಳಿತೆ.

ಕಾಗದದ ಮೇಲೆ ಬರೆದದ್ದನ್ನು ಮೇಲಿನವರು ನಂಬುವುದಿಲ್ಲವೆಂದು ನನಗೆ ಗೊತ್ತಿತ್ತು. ಅದಕ್ಕೆ ಕಮರಿಪೇಟೆಯ ಖಾಲಿ ಜಾಗದಲ್ಲಿ ಬಿದಿರಿನ ತಟ್ಟಿಗಳಿಂದ ಒಂದು ಖೋಲಿ ನಿಲ್ಲಿಸಿದೆ. ಮೇಲೆ ಜೋಳದ ದಂಟಿನ ಹೊದಿಕೆ. ಎರಡು ಬದಿಯ ತಟ್ಟಿಗಳಲ್ಲಿ ಕಿಟಕಿ ಕತ್ತರಿಸಿ, ಕೆಳಗಿನ ಅಂಚನ್ನು ಮೂರು ಅಡಿ, ಎರಡು ಅಡಿ, ಒಂದೂಕಾಲು ಅಡಿಗೆ ಏರಿಸಿ ಇಳಿಸುವಂತೆ ಗೋಣಿ ಕಟ್ಟಿದೆ. ಅಕ್ಕೋರು ಮೂರನೇ ಇಯತ್ತೆಯ ಹುಡುಗಿಯರನ್ನು ಕರೆತಂದು ಕೂಡಿಸಿದರು. ಕೈಗೆ ಸೂಜಿದಾರ ಕೊಟ್ಟರು. ಮೂರು ಅಡಿಯ ಕಟ್ಟೆಯಿದ್ದಾಗ ನಡುಸಾಲಿನವರು ಸೂಜಿಯನ್ನು ಎತ್ತಿ ಎತ್ತಿ ತಲೆಯ ಮೇಲೆ ಹಿಡಿದು ಪೋಣಿಸಲು ಒದ್ದಾಡಿದರು. ಒಂದೂಕಾಲು ಅಡಿಗೆ ಇಳಿಸಿದಾಗ ಮಡಿಲಲ್ಲಿ ಹಿಡಿದುಕೊಂಡೇ ಪೋಣಿಸಿ ನಕ್ಕರು. ಆಮೇಲೆ ಊದಿನಕಡ್ಡಿ ಹಚ್ಚಿ ಅವರ ಮೂಗಿನ ಎತ್ತರಕ್ಕೆ ಹಿಡಿದು ನೋಡಿದೆ. ಕಟ್ಟೆ ಎತ್ತರವಿದ್ದಾಗ ಹೊಗೆ ಮಕ್ಕಳ ನಡುವೆಯೇ ಸುತ್ತು ಹಾಕುತ್ತಿತ್ತು. ತಗ್ಗಿಸಿದಾಗ ಸರ್ರನೆ ಎದುರಿನ ಕಿಟಕಿಗೆ ಹೋಗುತ್ತಿತ್ತು.

ಉಳಿದದ್ದು ದಿಕ್ಕಿನ ಲೆಕ್ಕ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಬೇಕು, ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಆದ್ದರಿಂದ ಖೋಲಿಗಳನ್ನು ಪೂರ್ವಪಶ್ಚಿಮವಾಗಿ ಸಾಲಾಗಿಟ್ಟು, ಕರಿಹಲಗೆಯನ್ನು ಪೂರ್ವದ ಗೋಡೆಗೆ ಹಾಕಿದೆ. ಹುಡುಗಿಯರು ಅತ್ತ ಮುಖ ಮಾಡಿ ಕುಳಿತರೆ ಎಡಗಡೆ ಉತ್ತರದ ಕಿಟಕಿಗಳು, ಬಿಸಿಲಿಲ್ಲದ ತಣ್ಣನೆಯ ಬೆಳಕು. ದಕ್ಷಿಣಕ್ಕೆ ಕಟ್ಟೆಯಿರುವ ಜಗಲಿ, ಮಾಡಿನ ಕೆಳಗೆ ಕಾದ ಗಾಳಿ ಹೊರಗೆ ಹೋಗಲು ಬೆಳಕಿಂಡಿ, ಅಂಗಳದಲ್ಲಿ ಚಿಕ್ಕ ಮಕ್ಕಳ ಕೈಗೆಟಕುವ ನಲ್ಲಿಗಳ ಸಾಲು. ಇಂಥ ನಾಲ್ಕು ಖೋಲಿಗಳು.

ನಮ್ಮ ಎಕ್ಸಿಕ್ಯುಟಿವ್ ಇಂಜಿನಿಯರರು ಮೈಸೂರು ಕಡೆಯವರು. ನನ್ನ ಹಾಳೆ ನೋಡಿ ಕನ್ನಡಕ ತೆಗೆದಿಟ್ಟರು.

"ಏನ್ರೀ ಇದು? ಟೈಪ್ ಪ್ಲಾನ್ ಅಂತ ಇರೋದು ನೀವು ತಿದ್ದೋದಕ್ಕಾ? ಮೊಣಕಾಲಿನ ಎತ್ತರಕ್ಕೆ ಕಿಟಕಿ ಇಟ್ರೆ ಆಡು ಒಳಗೆ ಬರುತ್ತೆ."

"ಸರಳು ಹಾಕೇವ್ರಿ ಸಾಹೇಬ್ರ."

"ಬೆಂಚು ಇವತ್ತಲ್ಲ ನಾಳೆ ಬರುತ್ತಲ್ರೀ."

"ಬರೂತನಕ ಹುಡುಗ್ಯಾರು ನೆಲದ ಮ್ಯಾಲ ಕೂಡ್ತಾರ್ರಿ."

ಮೂರು ಸಲ ಹಾಳೆ ವಾಪಸು ಬಂತು. ಒಮ್ಮೆ ನಕ್ಷೆಯ ಅಳತೆ ಸರಿಯಿಲ್ಲವೆಂದು, ಒಮ್ಮೆ ಹಾಳೆಗೆ ಅಂಚು ಬಿಟ್ಟದ್ದು ಕಡಿಮೆಯೆಂದು, ಒಮ್ಮೆ ಕಾರಣವಿಲ್ಲದೆ. ಕೊನೆಗೆ ಡಾಕ್ಟರರು ತಾವಾಗಿಯೇ ಧಾರವಾಡಕ್ಕೆ ಬಂದು ಸಾಹೇಬರ ಮುಂದೆ ಕುಳಿತು, ಹುಡುಗಿಯರ ಕಣ್ಣಿನ ಸಂಗತಿ ಹೇಳಿದರು. ಸಾಹೇಬರು ರುಜು ಹಾಕಲು ಒಪ್ಪಿದರು, ಆದರೆ ಜಾಗ ಕೊಟ್ಟ ಓಣಿಯ ಕಮಿಟಿಯವರ ಒಪ್ಪಿಗೆ ತರಬೇಕು ಎಂದರು. ಅದೇನು ದೊಡ್ಡ ಮಾತು ಎಂದುಕೊಂಡೆ ನಾನು.

ಕಮಿಟಿಯ ಅಧ್ಯಕ್ಷರು ಹತ್ತಿ, ಕಾಳಿನ ವ್ಯಾಪಾರದವರು. ಅವರ ಅಂಗಡಿಯ ಗಾದಿಯ ಮೇಲೆಯೇ ಸಭೆ. ವಿಭೂತಿಯ ಹಣೆ, ಮೆತ್ತಗಿನ ಮಾತು, ಯಾರ ಮೇಲೂ ದನಿ ಏರಿಸಿದವರಲ್ಲ. ನನ್ನನ್ನು ಬಾಯಿ ತುಂಬ ಸಾಹೇಬರೆಂದು ಕರೆದು, ಗಾದಿಯ ಎದುರಿಗೆ ಬೇರೆ ಸ್ಟೂಲು ಹಾಕಿಸಿದರು. ನನಗೆ ಬಂದ ಚಹಾದ ಲೋಟ ಉಳಿದವರ ಲೋಟದಂಥದಾಗಿರಲಿಲ್ಲ. ನಮ್ಮಂಥ ಮನೆತನಗಳಿಂದ ಓದಿ ನೌಕರಿಗೆ ಬಂದವರಿಗೆ ಇದು ಹೊಸದಲ್ಲ. ನಾನು ಚಹಾ ಕುಡಿದು ನಕ್ಷೆ ಬಿಡಿಸಿದೆ.

"ಖರೇ ಹೇಳ್ತೀನ್ರಿ ಸಾಹೇಬ್ರ, ನಕ್ಷಾ ಭಾಳ ಛಲೋ ಐತಿ," ಎಂದರು ಅಧ್ಯಕ್ಷರು. "ಆದ್ರ ವೈಶಾಖದಾಗ ಬೀಗರು ಬಂದ್ರ ಎಲ್ಲಿ ಇಳಸೂದು?"

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು. ಆ ಓಣಿಯ ಮನೆಗಳು ಇಕ್ಕಟ್ಟಿನವು. ಮದುವೆಯಾದರೆ ಬೈಲಹೊಂಗಲದಿಂದಲೋ ಗದಗಿನಿಂದಲೋ ಬರುವ ಗಂಡಿನ ಕಡೆಯವರನ್ನು ಇಳಿಸಲು ಒಂದು ಬಿಡಾರ ಬೇಕು. ಬೀಗರ ಬಿಡಾರದಲ್ಲಿ ಎಳ್ಳಷ್ಟು ಕಡಿಮೆಯಾದರೂ ಹುಡುಗಿ ಹೋದ ಮನೆಯಲ್ಲಿ ಅದನ್ನು ವರ್ಷಗಟ್ಟಲೆ ಎತ್ತಿ ಆಡುತ್ತಾರೆ. ಇಷ್ಟು ದಿನ ಯಾರದೋ ವಖಾರು ಖಾಲಿ ಮಾಡಿಸುತ್ತಿದ್ದರು. ಈಗ ಓಣಿಯವರು ಕೂಡಿ ಶಾಲೆಗೆ ಜಾಗ ಕೊಟ್ಟದ್ದೇ ಬೇಸಿಗೆಯ ಸೂಟಿಯಲ್ಲಿ ಅದು ಬಿಡಾರಕ್ಕೆ ಆಗುತ್ತದೆಂದು.

"ಸೂಟಿಯೊಳಗ ಉಪಯೋಗಿಸ್ಕೊಳ್ರಿ, ಬ್ಯಾಡ ಅಂದೋರು ಯಾರು?" ಎಂದೆ.

"ಕಿಟಕಿ ಇಷ್ಟು ತಗ್ಗ ಇದ್ರ ಹೆಂಗ್ರಿ? ಬೀಗರ ಹೆಣ್ಣುಮಕ್ಕಳು ಒಳಗ ಸೀರಿ ಉಡತಾರ, ಕೂಸಿಗೆ ಹಾಲು ಕುಡಸ್ತಾರ. ಓಣ್ಯಾಗ ಹೋಗೋ ಮಂದಿ ಬಗ್ಗಿ ನೋಡ್ಕೋತ ಹೋಗಬೇಕೇನು?"

"ಹುಡುಗ್ಯಾರು ವರ್ಷಪೂರ್ತಿ ಕೂಡತಾರ್ರಿ. ಲಗ್ನ ನಾಕು ದಿನದ್ದು."

"ಆ ನಾಕು ದಿನದಾಗ ಮಾನ ಹೋದ್ರ ವರ್ಷಪೂರ್ತಿ ಮಂದಿ ಆಡಿಕೋತಾರ್ರಿ," ಎಂದರು ಅವರು ನಗುತ್ತಲೇ. "ಕಿಟಕಿ ಮ್ಯಾಲ ಎತ್ತರಿಸಿ ಕಟ್ರಿ, ಇವತ್ತ ರುಜು ಹಾಕ್ತೀವಿ. ಇಲ್ಲಾಂದ್ರ ಜಾಗಾ ಕೊಡೂದರ ಬಗ್ಗೆ ನಾವು ಇನ್ನೊಮ್ಮೆ ಕುಂತು ಮಾತಾಡಬೇಕಾಗತೈತಿ."

ಮಳೆಗಾಲ ಎದುರಿಗಿತ್ತು, ಅದರಾಚೆ ಕಟ್ಟಲು ಉಳಿಯುವುದು ಕೆಲವೇ ತಿಂಗಳು. ಇನ್ನೊಮ್ಮೆ ಕುಳಿತು ಮಾತಾಡುವಷ್ಟರಲ್ಲಿ ಶಾಲೆಗೆ ಬೀಗ ಬೀಳುತ್ತಿತ್ತು. ಆಮೇಲೆ ಎರಡು ಸಲ ಅದೇ ಅಂಗಡಿಗೆ ಎಡತಾಕಿದೆ. ಅದೇ ಸ್ಟೂಲು, ಅದೇ ಚಹಾ, ಅದೇ ನಗು.

ಖಾಲಿ ಜಾಗದಲ್ಲಿ ಆ ತಟ್ಟಿಯ ಖೋಲಿಯ ನೆರಳಿಗೆ ನಿಂತು ಅಕ್ಕೋರಿಗೆ ನನ್ನ ಯೋಚನೆ ಹೇಳಿದೆ. ಒಂದು ಖೋಲಿ ಬಿಟ್ಟುಕೊಡೋಣ. ಅದರ ಬದಲು ರಸ್ತೆಯ ಕಡೆ, ಅಂದರೆ ಪಶ್ಚಿಮಕ್ಕೆ, ಅಡ್ಡಲಾಗಿ ಒಂದು ದೊಡ್ಡ ಪಡಸಾಲೆ ಕಟ್ಟೋಣ. ಅದಕ್ಕೆ ಅವರು ಕೇಳಿದಂತೆ ಎತ್ತರದ ಚಿಕ್ಕ ಕಿಟಕಿ, ರಸ್ತೆಗೆ ಬೇರೆ ಬಾಗಿಲು. ಬೀಗರ ಬಿಡಾರ ಅಲ್ಲೇ ಆಗಲಿ. ಅದರ ಹಿಂದೆ ಮೂರು ಖೋಲಿ, ತಗ್ಗು ಕಿಟಕಿಯವು, ಹುಡುಗಿಯರಿಗೆ. ಇದರಲ್ಲಿ ಇನ್ನೊಂದು ಲಾಭವೂ ಕಂಡಿತು. ಪಶ್ಚಿಮದ ಇಳಿಬಿಸಿಲು, ಜಡಿಮಳೆ ಎರಡನ್ನೂ ಆ ಪಡಸಾಲೆಯೇ ತಡೆದುಕೊಳ್ಳುತ್ತದೆ. ಹಿಂದಿನ ಖೋಲಿಗಳು ಇನ್ನಷ್ಟು ತಂಪಾಗುತ್ತವೆ. ಪಡಸಾಲೆ ಬೇಸಿಗೆಯಲ್ಲಿ ಕುದಿಯುತ್ತದೆ ನಿಜ, ಆದರೆ ಅದು ನಾಲ್ಕು ದಿನದ ಬೀಗರ ಪಾಡು ಎಂದುಕೊಂಡೆ. ಆ ಉಪಾಯ ಹೊಳೆದಾಗ ನನಗೆ ನನ್ನ ಮೇಲೆಯೇ ಹೆಮ್ಮೆಯಾಗಿತ್ತು.

ಅಕ್ಕೋರು ಬೆರಳು ಮಡಚಿ ಇಯತ್ತೆಗಳ ಲೆಕ್ಕ ಹಾಕಿದರು. "ನಾಕನೇದವರನ್ನೂ ಮೂರನೇದವರನ್ನೂ ಒಂದ ಖೋಲ್ಯಾಗ ಕೂಡಸ್ತೇನಿ," ಎಂದರು. "ಒಂದು ಖೋಲಿ ಹೋದ್ರ ಹೋಗ್ಲಿ. ಉಳಿದ ಮೂರರೆ ನಮ್ಮವು ಅಂತ ಆಗ್ತಾವಲ್ರಿ?"

"ಆಗ್ತಾವ್ರಿ," ಎಂದೆ.

ಕಮಿಟಿ ಕೂಡಲೇ ರುಜು ಹಾಕಿತು. ಅಧ್ಯಕ್ಷರು ನನ್ನ ಜಾಣತನವನ್ನು ಹೊಗಳಿದರು.

ಕಟ್ಟುವ ಕೆಲಸ ಸುಲಭಕ್ಕೆ ಆಗಲಿಲ್ಲ. ಅಡಿಪಾಯ ತೋಡುವಾಗ ಮೂರನೇ ಖೋಲಿಯ ಜಾಗದಲ್ಲಿ ಕೂಲಿಯವನ ಹಾರೆ ಕೈ ತಪ್ಪಿ ನೆಲದೊಳಗೆ ಮಾಯವಾಯಿತು. ಕೆಳಗೊಂದು ಹಳೆಯ ಹಗೇವು. ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲಮಾಳಿಗೆಯ ಕಣಜ ಅದು, ಬಾಯಿಗೆ ಕಲ್ಲು ಮುಚ್ಚಿ ಎಲ್ಲರೂ ಮರೆತುಬಿಟ್ಟದ್ದು. ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿದರೆ ಅರ್ಧಕ್ಕೇ ಆರಿಹೋಯಿತು. ಒಳಗೆ ಕೆಟ್ಟ ಗಾಳಿ. ಅದು ಹೋಗುವವರೆಗೆ ಬಾಯಿ ತೆರೆದಿಟ್ಟು ಕಾವಲು ಹಾಕಿ, ಆಮೇಲೆ ಗರಸುಮಣ್ಣು ತುಂಬಿ, ನೀರು ಹೊಡೆದು, ಪದರ ಪದರವಾಗಿ ಧಮ್ಮಸಿನಿಂದ ಬಡಿಸಿ ಗಟ್ಟಿ ಮಾಡಿಸಿ, ಮೇಲೊಂದು ಕಲ್ಲಿನ ಕಮಾನು ತಿರುಗಿಸಿದೆವು. ಅಷ್ಟರಲ್ಲಿ ಮಳೆ ಹಿಡಿಯಿತು. ಯರೆಮಣ್ಣು ಉಬ್ಬಿ, ತೋಡಿದ ಸಾಲುಗಳ ದಂಡೆ ಕುಸಿದವು. ಸಿಮೆಂಟು ಸಿಗುವ ಹಾಗಿರಲಿಲ್ಲ. ಗಾಣದಲ್ಲಿ ಅರೆದ ಸುಣ್ಣದ ಗಾರೆ ಮಳೆಯಲ್ಲಿ ಬಲಿಯಲು ತನ್ನ ಸಮಯವನ್ನೇ ತೆಗೆದುಕೊಂಡಿತು.

ಗೋಡೆ ಏಳುವಾಗ ಬೇರೆ ಪೇಚು. ಹೆಡ್ ಗೌಂಡಿ ಒಳ್ಳೆಯ ಕೆಲಸಗಾರ, ಆದರೆ ಅವನ ಕೈ ಹುಟ್ಟಿದಾಗಿನಿಂದ ಕಿಟಕಿಯ ಕಟ್ಟೆಯನ್ನು ಸೊಂಟದ ಮಟ್ಟಕ್ಕೇ ಕಟ್ಟಿದ ಕೈ. ನಾನು ಧಾರವಾಡಕ್ಕೆ ಹೋಗಿದ್ದ ಒಂದು ದಿನ ನಡುವಿನ ಖೋಲಿಯ ಉತ್ತರದ ಗೋಡೆ ಸೊಂಟದ ಮಟ್ಟಕ್ಕೆ ಬಂದು ನಿಂತಿತ್ತು. ಕೆಡವಿಸಿದೆ. ಅವನು ಕೆಂಪಾದ.

"ಇಷ್ಟ ತಗ್ಗಿನ ಕಿಟಕಿ ದನದ ಕೊಟಗ್ಯಾಗೂ ಇಡೂದಿಲ್ರಿ ಸಾಹೇಬ್ರ. ನನ್ನ ಹೆಸರು ಕೆಡತೈತಿ."

"ಒಮ್ಮೆ ನೆಲದ ಮ್ಯಾಲ ಕುಂತು ನೋಡು," ಎಂದೆ. ಗಾರೆಯ ಕೈಯಲ್ಲೇ ಅವನು ಕುಳಿತ. ಹೊರಗೆ ನೋಡಿದ, ಬೆಳಕು ಬಿದ್ದ ತನ್ನ ಮಡಿಲು ನೋಡಿಕೊಂಡ. "ಕುಂತ್ರ ಸರಿ ಐತ್ರಿ. ನಿಂತ್ರ ಸರಿ ಇಲ್ಲ," ಎಂದು ಗೊಣಗುತ್ತ ಎದ್ದ. ಆಮೇಲೆ ತಕರಾರು ಮಾಡಲಿಲ್ಲ.

ಶಾಲೆ ತೆರೆಯುವ ಹೊತ್ತಿಗೆ ಮಂಗಳೂರು ಹಂಚು ಏರಿತ್ತು, ಸುಣ್ಣವಾಗಿತ್ತು. ಅಕ್ಕೋರು ಹುಡುಗಿಯರನ್ನು ಸಾಲು ಕಟ್ಟಿಸಿ ವಖಾರಿನಿಂದ ಕರೆತಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಬಂದು ಕುಳಿತ ಒಬ್ಬಳು ಪಕ್ಕದವಳ ಕೆನ್ನೆ ಮುಟ್ಟಿ, "ನಿನಗ ಇಲ್ಲೆ ಮಚ್ಚಿ ಐತೇನಲೇ!" ಎಂದಳು. ಒಂದು ವರ್ಷ ಪಕ್ಕದಲ್ಲೇ ಕುಳಿತವಳ ಮಚ್ಚೆ ಆವತ್ತು ಕಂಡಿತ್ತು. ಸರಕಾರಿ ನೌಕರಿಯಲ್ಲಿ ನನಗೆ ಅಂಥ ಸುಖ ಸಿಕ್ಕದ್ದು ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ.

ಆ ವರ್ಷ ಚೆನ್ನಾಗಿ ನಡೆಯಿತು. ಡಾಕ್ಟರರು ಬಂದು ನೋಡಿ, ಕೆಮ್ಮು ಇಳಿದಿದೆ, ಕಣ್ಣು ತಿಳಿಯಾಗುತ್ತಿವೆ ಎಂದರು. ದಿನವೂ ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ಮುಖ ತೊಳೆದುಕೊಂಡೇ ಒಳಗೆ ಹೋಗುವ ಪದ್ಧತಿಯನ್ನು ಅಕ್ಕೋರು ಮಾಡಿದ್ದರು. ಮನೆಯಲ್ಲಿ ಬಿಡಿಸಿಕೊಂಡಿದ್ದ ಒಂದಿಬ್ಬರು ದೊಡ್ಡ ಹುಡುಗಿಯರೂ ಮರಳಿ ಬಂದರು.

ಬೇಸಿಗೆಯ ಸೂಟಿಯಲ್ಲಿ ಒಡೆದ ಹಂಚು ನೋಡಿಬರಲೆಂದು ಹೋದೆ. ಓಣಿಯಲ್ಲಿ ಹಂದರ, ಬಾಗಿಲಿಗೆ ಬಾಳೆಕಂಬ. ಮದುವೆ. ಪಡಸಾಲೆಯ ಬಾಗಿಲು ತೆರೆದಿತ್ತು, ಒಳಗೆ ಅಕ್ಕಿಯ ಚೀಲ, ಕುಂಬಳಕಾಯಿ, ಸೌದೆ. ಬೀಗರೊಬ್ಬರೂ ಇರಲಿಲ್ಲ. ಹಿಂದೆ ಹೋದರೆ ಬೀಗರೆಲ್ಲ ಹಿಂದಿನ ಖೋಲಿಗಳಲ್ಲಿ. ತಗ್ಗು ಕಿಟಕಿಗಳ ಕಡೆ ತಲೆ ಮಾಡಿ ಗಂಡಸರು ಸಾಲಾಗಿ ಗೊರಕೆ ಹೊಡೆಯುತ್ತಿದ್ದರು. ನಡುವಿನ ಖೋಲಿಯಲ್ಲಿ ಅಡುಗೆ ನಡೆದಿತ್ತು. ಹೊಗೆಗೆ ಉತ್ತರದ ಗೋಡೆ ಮೂರು ಮೊಳ ಕಪ್ಪಾಗಿತ್ತು. ನಲ್ಲಿಗಳ ಕೆಳಗೆ ಎಂಜಲು ಎಲೆಗಳ ರಾಶಿ.

ಅಧ್ಯಕ್ಷರು ಕೈಮುಗಿಯುತ್ತ ಎದುರಿಗೆ ಬಂದರು. "ಬರ್ರಿ ಬರ್ರಿ ಸಾಹೇಬ್ರ. ಒಳಗ ಅಡಿಗಿ ನಡದೈತಿ, ಇಲ್ಲೇ ಹೊರಗ ಕಟ್ಟಿ ಮ್ಯಾಲ ಕೂಡ್ರಿ." ಯಾಕೆ ಹೊರಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದೊಂದು ಕಲ್ಲನ್ನೂ ನಾನೇ ನಿಂತು ಇಡಿಸಿದ ಖೋಲಿಯ ಹೊರಗೆ ಕುಳಿತು, ಪಡಸಾಲೆ ಯಾಕೆ ಖಾಲಿಯಿದೆ ಎಂದು ಕೇಳಿದೆ.

"ಅಲ್ಲೇ ಇಳಿಸಿದ್ವಿರಿ. ಮಧ್ಯಾಹ್ನ ಆಗೂದ್ರೊಳಗ ಬೀಗರು ಸಿಟ್ಟಿಗೆದ್ರು. ನಮ್ಮನ್ನೇನು ಭಟ್ಟ್ಯಾಗ ಹಾಕೀರಿ ಅಂತ ಗಂಡಿನ ಅಪ್ಪ ರುಮಾಲು ಸುತ್ತಿಕೊಂಡು ಹೊಂಟ ನಿಂತ. ಹಿಂದಿನ ಖೋಲಿ ತಗದು ಕೊಟ್ವಿ, ಲಗ್ನ ಉಳೀತು. ಏನ್ ಗಾಳಿ ಬರತೈತ್ರಿ ಅದರಾಗ! ನಿಮಗ ಪುಣ್ಯ ಬರಲಿ."

"ತಗ್ಗು ಕಿಟಕಿ ಇದ್ರ ಹೆಣ್ಣುಮಕ್ಕಳು ಹೊರಗ ಕಾಣತಾರಂತ ನೀವ ಅಂದಿದ್ರಲ್ರಿ?"

ಅವರು ಕಿಟಕಿಯ ಕಡೆ ಕೈ ತೋರಿಸಿ ನಕ್ಕರು. "ಸೀರಿ ಕಟ್ಟೇವಲ್ರಿ."

ನೋಡಿದೆ. ಹೆಂಗಸರಿದ್ದ ಕೊನೆಯ ಖೋಲಿಯ ಕಿಟಕಿಗಳಿಗೆ ಸರಳಿನಿಂದ ಸರಳಿಗೆ ಹಳೆಯ ಸೀರೆಗಳನ್ನು ಕಟ್ಟಿದ್ದರು. ಕೆಳಗೆ ಗಾಳಿ ಆಡುತ್ತಿತ್ತು, ಒಳಗಿನವರು ಕಾಣುತ್ತಿರಲಿಲ್ಲ. ಅಷ್ಟೇ ಸಾಕಾಗಿತ್ತು. ಅಷ್ಟಕ್ಕಾಗಿ ನಾವು ಒಂದು ಖೋಲಿ ಕೊಟ್ಟಿದ್ದೆವು. ಅವರು ಎಲೆಯಲ್ಲಿ ಎರಡು ಹೋಳಿಗೆ ಕಟ್ಟಿಸಿ ಕೊಟ್ಟರು. ಓಣಿ ದಾಟಿದ ಮೇಲೆ ಅದನ್ನು ಒಂದು ಎಮ್ಮೆಗೆ ಹಾಕಿದೆ.

ಜೂನ್‌ನಲ್ಲಿ ಶಾಲೆ ತೆರೆದಾಗ ಹಿಂದಿನ ಎರಡು ಖೋಲಿಗಳಿಗೆ ಬೀಗ. ಒಂದರಲ್ಲಿ ಓಣಿಯ ಮದುವೆಗಳ ಹಂಡೆ, ಕೊಪ್ಪರಿಗೆ, ಜಮಖಾನ. ಇನ್ನೊಂದರಲ್ಲಿ ಕಮಿಟಿಯ ಕಚೇರಿ. "ತಂಪ ಐತಿ, ಹಿರಿಯರು ಮಧ್ಯಾಹ್ನ ಕುಂತು ಮಾತಾಡಾಕ ಛಲೋ ಆಕ್ಕೈತಿ" ಎಂದರಂತೆ. ಮೂರನೆಯದು ಹೊಗೆ ಹಿಡಿದದ್ದು, ಸುಣ್ಣ ಬಳಿಸುವವರೆಗೆ ಬೇಡವೆಂದರು. ಸುಣ್ಣ ಬಳಿದ ಮೇಲೆ ಅದು ಓಣಿಗೆ ಬರುವ ಮಠದ ಅಯ್ಯನವರ ಬಿಡಾರವಾಯಿತು. ಹುಡುಗಿಯರನ್ನು ಪಡಸಾಲೆಗೆ ಕಳಿಸಿದರು, ನಾಲ್ಕೂ ಇಯತ್ತೆ ಒಂದೇ ಕಡೆ. ಬೀಗರು ಅರ್ಧ ದಿನ ಕೂಡಲಾರದೆ ಎದ್ದು ಹೋದ ಪಡಸಾಲೆಗೆ.

ನಾನು ಸಾಹೇಬರ ಬಳಿಗೆ ಹೋದೆ. ಅವರು ಕಾಗದದಿಂದ ತಲೆ ಎತ್ತಲಿಲ್ಲ.

"ಕಟ್ಟಿ ಒಪ್ಪಿಸಿ ಆಯ್ತಲ್ರೀ. ಹೇಗೆ ಉಪಯೋಗಿಸ್ತಾರೆ ಅನ್ನೋದು ಅವರ ವಿಚಾರ. ನಿಮ್ಮ ಗೋಡೆ ಬಿರುಕು ಬಿಟ್ಟಿದ್ರೆ ಹೇಳಿ."

ಬಿರುಕು ಬಿಟ್ಟಿರಲಿಲ್ಲ. ಅದೇ ನನ್ನ ಕರ್ಮ. ಶಾಲಾ ಮಂಡಳಿಗೆ ಬರೆದೆ, ಕಮಿಟಿಯೊಂದಿಗೆ ಹೊಂದಿಕೊಂಡು ಹೋಗಿ ಎಂದು ಉತ್ತರ ಬಂತು. ಕಮಿಟಿಯ ಅಧ್ಯಕ್ಷರನ್ನು ಮತ್ತೆ ಕಂಡೆ. "ಹುಡುಗ್ಯಾರು ಸಣ್ಣವರು, ಎಲ್ಲಿ ಕುಂತ್ರೂ ನಡೀತೈತಿ. ಹಿರಿಯರಿಗೆ ಶಕಿ ತಡಿಯೂದಿಲ್ರಿ," ಎಂದರು. ಅವರ ದನಿಯಲ್ಲಿ ಕೆಡುಕು ಒಂದು ಚೂರೂ ಇರಲಿಲ್ಲ, ನನಗೆ ಇಂದಿಗೂ ಅರಗದ್ದು ಅದೇ.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕೋರನ್ನು ಕಾಣಲು ಹೋದೆ. ಪಡಸಾಲೆಯ ಒಂದು ಮೂಲೆಯಲ್ಲಿ ಮಗ್ಗಿ, ಇನ್ನೊಂದರಲ್ಲಿ ಪದ್ಯ, ಯಾವುದೂ ಯಾರಿಗೂ ಕೇಳುತ್ತಿರಲಿಲ್ಲ. ಎತ್ತರದ ಕಿಟಕಿಗಳ ಬೆಳಕು ಮಾಡಿನ ಜಂತಿಗಳನ್ನು ಬೆಳಗುತ್ತಿತ್ತು. ಡಾಕ್ಟರರು ಒಬ್ಬಳನ್ನು ರಸ್ತೆಯ ಬಾಗಿಲಿಗೆ ಎಳೆದು ತಂದು ರೆಪ್ಪೆ ಮಗುಚಿ ನೋಡುತ್ತಿದ್ದರು. ನನ್ನನ್ನು ಕಂಡು ತಲೆ ಅಲ್ಲಾಡಿಸಿ ಕೆಲಸ ಮುಂದುವರಿಸಿದರು.

"ದೊಡ್ಡ ಹುಡುಗ್ಯಾರು ಎಲ್ಲೆ ಅಕ್ಕೋರ?" ಎಂದು ಕೇಳಿದೆ.

"ಬಿಡಿಸಿಕೊಂಡು ಹೋದ್ರು. ಇದು ರಸ್ತಾದ ಬಾಗಲಾ, ಹೋಗೋ ಬರೋ ಗಂಡಸರು ಹಣಿಕಿ ಹಾಕ್ತಾರ. ಬಿಡಾರಕ್ಕ ಬಂದವರು, ಕಮಿಟಿಯವರು ಎಲ್ಲಾ ಹತ್ರ ಅಂತ ಇವರ ನಡುವ ಹಾದ ಹಿಂದ ಹೋಗ್ತಾರ. ಅಂಥಾ ಜಾಗಾದಾಗ ನಮ್ಮ ಹುಡುಗಿ ಕೂಡೂದು ಬ್ಯಾಡ ಅಂದ್ರು. ನಾನರೆ ಏನು ಹೇಳಲಿ? ನನ್ನ ಮಗಳಾಗಿದ್ರ ನಾನೂ ಬಿಡಸ್ತಿದ್ದೆ."

ನಾನು ಏನೋ ಸಮಾಧಾನ ಹೇಳಲು ಹೊರಟೆ. ಮುಂದಿನ ವರ್ಷ, ಮಂಡಳಿ, ಇನ್ನೊಂದು ಅರ್ಜಿ. ಅವರು ಕೈ ಎತ್ತಿ ತಡೆದರು.

"ಬ್ಯಾಡ ಬಿಡ್ರಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಒಂದ ಮಾತು ಹೇಳ್ತೇನಿ, ತಪ್ಪು ತಿಳೀಬ್ಯಾಡ್ರಿ. ಅಷ್ಟು ಛಲೋ ಕಟ್ಟಬಾರದಿತ್ತು ನೀವು. ಒಂಚೂರು ಕೆಟ್ಟದಾಗಿ ಕಟ್ಟಿದ್ರ ನಮ್ಮ ಹುಡುಗ್ಯಾರಿಗೆ ಉಳೀತಿತ್ತು."

ಅದಾದ ಮರುವರ್ಷ ಅಮ್ಮಿನಬಾವಿಯ ಹಿರಿಯರು ನಾಲ್ಕು ಮಂದಿ ಧಾರವಾಡದ ನಮ್ಮ ಕಚೇರಿಗೆ ಬಂದರು. ಅವರ ಊರಿಗೂ ಶಾಲೆ ಮಂಜೂರಾಗಿತ್ತು. ಸಾಹೇಬರು ನನ್ನನ್ನು ಕರೆಸಿದರು. ಹಿರಿಯರು ಗೋಡೆಯ ನೀಲಿ ಹಾಳೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಇದ ಬ್ಯಾಡ್ರಿ," ಎಂದರು ಎಲ್ಲರಿಗಿಂತ ಹಿರಿಯರು. "ಹುಬ್ಬಳ್ಳಿ ಕಮರಿಪ್ಯಾಟ್ಯಾಗ ಒಂದು ಸಾಲಿ ಐತಲ್ರಿ, ಅಂಥಾದ್ದು ಕಟ್ಟಿಸಿ ಕೊಡ್ರಿ. ನಮ್ಮ ಬೀಗರ ಲಗ್ನಕ್ಕ ಹೋಗಿದ್ವಿ. ಕಿಟಕಿ ಕೆಳಗ, ನೆಲದ ಹಂತ್ಯಾಕ ಇರಬೇಕ್ರಿ. ಮಲಕೊಂಡ್ರ ಏನ್ ಗಾಳಿ ಅಂತೀರಿ!"

ಸಾಹೇಬರು ನನ್ನ ಕಡೆ ತಿರುಗಿ ಸಂತೋಷದಿಂದ ನಕ್ಕರು. "ನೋಡ್ರೀ, ಜನ ತಾವಾಗೇ ಕೇಳ್ತಿದಾರೆ. ಹಾಗೇ ಬರೆದುಕೊಡಿ, ಈಗಲೇ ರುಜು ಹಾಕ್ತೀನಿ."

ನಾನು ಪೆನ್ಸಿಲು ತೆಗೆದು, ಬರೆಯುವ ಮೊದಲು ಹಿರಿಯರನ್ನು ಕೇಳಿದೆ: "ನಿಮ್ಮೂರಾಗ ಹೆಣ್ಣ ಹುಡುಗ್ಯಾರು ಎಷ್ಟು ಮಂದಿ ಸಾಲಿಗೆ ಬರ್ತಾರ್ರಿ?"



"ಅದನ್ನ ಮಾಸ್ತರನ್ನ ಕೇಳಬೇಕ್ರಿ," ಎಂದರು ಹಿರಿಯರು.